ಖಾಲಿ ಬಿಟ್ಟ ಎರಡು ಸಾಲು

ಕುರ್ಕಿಲಾಂಪಿಯ ಉದ್ಯೋಗ ಕಚೇರಿಯಲ್ಲಿ ನಾನು ಇಪ್ಪತ್ತಾರು ವರ್ಷ ಕೂತೆ. ಅಷ್ಟು ವರ್ಷದಲ್ಲಿ ಎಷ್ಟು ಜನಕ್ಕೆ ಕೆಲಸ ಕೊಡಿಸಿದೆ ಎಂದು ಮಾತ್ರ ಕೇಳಬೇಡಿ. ಮೊದಮೊದಲು ಕೊಡಿಸುತ್ತಿದ್ದೆ. ಆಮೇಲೆ ಮರ ಕೊಯ್ಯುವ ಮಿಲ್ಲು ಮುಚ್ಚಿತು, ಬ್ಯಾಂಕು ಮುಚ್ಚಿತು, ರೈಲು ನಮ್ಮೂರಲ್ಲಿ ನಿಲ್ಲುವುದನ್ನೇ ಬಿಟ್ಟಿತು. ಕೊನೆಗೆ, ಕೆಲಸವಿಲ್ಲದವರು ಫಾರಂ ನೆಟ್ಟಗೆ ತುಂಬಿದ್ದಾರೋ ಇಲ್ಲವೋ ಎಂದು ನೋಡುವುದೇ ನನ್ನ ಕೆಲಸವಾಯಿತು. ನನ್ನ ಹೆಸರು ಹಿಲ್ಕಾ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರಿನವರು ಹೇಳುತ್ತಾರೆ. ಇರಬಹುದು. ದಿನಕ್ಕೆ ನಲವತ್ತು ಜನ ಬಂದು "ಏನಾದ್ರೂ ಇದ್ಯಾ?" ಎಂದು ಕೇಳಿ, ನಲವತ್ತು ಸಲವೂ "ಇಲ್ಲ" ಎನ್ನಬೇಕಾದವಳಿಗೆ ಕೋಪವಲ್ಲದೆ ಇನ್ನೇನು ಬರುತ್ತದೆ?

ವಿರ್ಪಿ ಕೆರಾನೆನ್ ಎಂಬ ಹುಡುಗಿ ನನ್ನ ಮುಂದೆ ಬಂದು ಕೂತದ್ದು ತೊಂಬತ್ತೇಳರ ಮಾರ್ಚಿಯಲ್ಲಿ. ಹತ್ತೊಂಬತ್ತು ವರ್ಷ, ನಮ್ಮಲ್ಲಿ ಆ ವಯಸ್ಸಿಗೆ ಮುಗಿಯುವ ಹೈಸ್ಕೂಲಿನ ಕೊನೆಯ ವರ್ಷ, ಬೇಸಿಗೆ ಬಂದರೆ ಓದು ಮುಗಿಯಿತು. ಕೂತವಳು ನನ್ನ ಮುಖ ನೋಡಲಿಲ್ಲ. ನನ್ನ ತಲೆಯ ಮೇಲಿದ್ದ ಗೋಡೆ ಗಡಿಯಾರ ನೋಡಿದಳು.

"ಏಳು ನಿಮಿಷ ಹಿಂದಿದೆ," ಎಂದಳು.

"ಈ ಊರೇ ಹಿಂದಿದೆ. ಅದೊಂದು ಮುಂದೆ ಹೋಗಿ ಏನು ಮಾಡ್ಬೇಕು? ಏನು ಬೇಕಿತ್ತು ಹೇಳಮ್ಮ."

ಅವಳು ಚೀಲದಿಂದ ಅರ್ಜಿ ತೆಗೆದು ನನ್ನ ಕಡೆ ತಿರುಗಿಸಿಟ್ಟಳು. ಕಸುಬು ಶಾಲೆಗಳಿಗೆಲ್ಲ ಸೇರಿಸಿ ವರ್ಷಕ್ಕೊಮ್ಮೆ ಕಳಿಸುವ ಒಟ್ಟು ಅರ್ಜಿ ಅದು. ಆಗಿನ್ನೂ ಆ ಕಾನೂನು ಹೊಸದು. ಇಪ್ಪತ್ತೈದರೊಳಗಿನವರು, ಕೈಯಲ್ಲಿ ಕಸುಬಿಲ್ಲದೆ ಬರೀ ಶಾಲೆ ಮುಗಿಸಿದವರು, ಮುಂದೆ ನಿರುದ್ಯೋಗ ಭತ್ಯೆ ಬೇಕೆಂದರೆ ಆ ಅರ್ಜಿಯಲ್ಲಿ ಕಡಿಮೆಯೆಂದರೂ ಮೂರು ಶಾಲೆ ಬರೆದಿರಬೇಕು. ಬರೆಯದಿದ್ದರೆ ಭತ್ಯೆ ಇಲ್ಲ. ಬರೆದು, ಸೀಟು ಸಿಕ್ಕಿ, ಹೋಗದೆ ಉಳಿದರೂ ಇಲ್ಲ.

ನಮ್ಮೂರ ಹುಡುಗರು ಒಂದೇ ವರ್ಷದಲ್ಲಿ ಇದಕ್ಕೆ ದಾರಿ ಕಂಡುಕೊಂಡಿದ್ದರು. ತಮ್ಮ ಅಂಕಕ್ಕೆ ಈ ಜನ್ಮದಲ್ಲಿ ಸೀಟು ಕೊಡದ ಮೂರು ಶಾಲೆಗಳನ್ನು ಹುಡುಕಿ ಹುಡುಕಿ ಬರೆಯುತ್ತಿದ್ದರು. ಸೀಟೂ ಬರುತ್ತಿರಲಿಲ್ಲ, ಭತ್ಯೆಯೂ ತಪ್ಪುತ್ತಿರಲಿಲ್ಲ. ಚಳಿಗಾಲವಿಡೀ ಕೆರೆಯ ಮೇಲಿನ ಮಂಜುಗಡ್ಡೆಯಲ್ಲಿ ತೂತು ಕೊರೆದು ಮೀನು ಹಿಡಿಯುತ್ತ ಕೂರುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ವಿರ್ಪಿಗೆ ಆ ದಾರಿಯೂ ಇರಲಿಲ್ಲ, ಏಕೆಂದರೆ ಅವಳ ಅಂಕಕ್ಕೆ ಎಲ್ಲಿ ಬರೆದರೂ ಸೀಟು ಸಿಗುತ್ತಿತ್ತು. ಸಿಗುವುದು ಕಷ್ಟವಾದದ್ದು ಅವಳಿಗೆ ಬೇಕಾಗಿದ್ದ ಜಾಗ ಒಂದೇ. ಗಡಿಯಾರ ರಿಪೇರಿ ಕಲಿಸುವ ಶಾಲೆ. ಹನ್ನೆರಡೇ ಸೀಟು, ಅಂಕಕ್ಕಿಂತ ಹೆಚ್ಚಾಗಿ ಕೈ ನೋಡಿ ಆರಿಸುತ್ತಾರೆ.

ಅರ್ಜಿಯ ಮೊದಲ ಸಾಲಿನಲ್ಲಿ ಆ ಶಾಲೆಯ ಹೆಸರಿತ್ತು. ಎರಡನೆಯದೂ ಮೂರನೆಯದೂ ಖಾಲಿ.

"ಇವೆರಡು?" ಎಂದೆ.

"ಬೇರೆ ಕಡೆ ಹೋಗೋ ಮನಸ್ಸಿಲ್ಲ ನಂಗೆ. ಬರೆದ್ರೆ ಸೀಟು ಸಿಕ್ಬಿಡುತ್ತೆ, ನಾನು ಹೋಗಲ್ಲ. ಅಲ್ಲಿಗೆ ನಿಜವಾಗ್ಲೂ ಹೋಗ್ಬೇಕು ಅಂತಿರೋಳು ಯಾರೋ ಒಬ್ಳು ಮನೇಲಿ ಕೂತ್ಕೋಬೇಕಾಗುತ್ತೆ. ಇವೆರಡನ್ನ ಖಾಲಿ ಬಿಡಬಹುದಾ?"

ಅವಳ ಹಿಂದೆ ಬಾಗಿಲವರೆಗೂ ಸಾಲು ನಿಂತಿತ್ತು. ಬೂಟುಗಳಿಂದ ಹಿಮ ಕರಗಿ ನೆಲವೆಲ್ಲ ರಾಡಿ. "ಬಿಡಬೇಡ, ಬಿಟ್ರೆ ಭತ್ಯೆ ಹೋಗುತ್ತೆ" ಎನ್ನಲು ನನಗೇನು ದಾಡಿಯಾಗಿತ್ತು? ಆದರೆ ಅವಳ ಮುಂದಿನ ಪ್ರಶ್ನೆ ನನಗೆ ಕೇಳಿಸುತ್ತಲೇ ಇತ್ತು. ಹಾಗಾದ್ರೆ ಸುಳ್ಳು ಬರೀಬೇಕಾ ಎಂದು ಕೇಳುವವಳು ಅವಳು. ಸರ್ಕಾರಿ ಕುರ್ಚಿಯಲ್ಲಿ ಕೂತು, ಹೌದು ಬರಿ ಎನ್ನುವುದು ಹೇಗೆ? ಅದಕ್ಕೇ ಸುಮ್ಮನಿದ್ದೆ. ಅವಳನ್ನೇ ನೋಡಿದೆ. ಅರ್ಥ ಮಾಡಿಕೊಳ್ಳೇ ಪೆದ್ದಿ, ನನ್ನ ಬಾಯಿಂದ ಹೇಳಿಸಬೇಡ ಎಂಬುದೆಲ್ಲ ಆ ನೋಟದಲ್ಲೇ ಇದೆ ಎಂದುಕೊಂಡೆ.

ನಮ್ಮ ಕಡೆ ಸುಮ್ಮನಿರುವುದೂ ಒಂದು ಉತ್ತರವೇ. ನೆರೆಯವನ ಹತ್ತಿರ ದೋಣಿ ಕೇಳಿದಾಗ ಅವನು ಬೇಡ ಎಂದರೆ ಬೇಡ. ಏನೂ ಹೇಳದೆ ಕೆರೆಯ ಕಡೆ ನೋಡಿದನೆಂದರೆ ತೆಗೆದುಕೊಂಡು ಹೋಗು ಎಂದರ್ಥ. ಹೂಂ ಎನ್ನುವ ಶ್ರಮವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು, ವಿರ್ಪಿಗೂ ಗೊತ್ತು. ಆ ಹೊತ್ತಿನಲ್ಲಿ ನನಗೆ ಮಾತ್ರ ಮರೆತಿತ್ತು. ಅವಳು ಐದು ಎಣಿಸುವಷ್ಟು ಹೊತ್ತು ಕಾದಳು. ನಾನು ತುಟಿ ಬಿಚ್ಚಲಿಲ್ಲ. "ಸರಿ, ಥ್ಯಾಂಕ್ಸ್" ಎಂದು ಅರ್ಜಿ ಮಡಿಚಿಕೊಂಡು ಹೋದಳು.

ಮೇ ಕೊನೆಯ ದಿನ, ಪಾಸಾದವರೆಲ್ಲ ಹಾಕುವ ಬಿಳಿ ಟೋಪಿ ಹಾಕಿಕೊಂಡು ಅವಳು ಶಾಲೆ ಮುಗಿಸಿದಳು. ಮುಂದಿನ ವಾರವೇ ಅವಳ ಅಮ್ಮ ಹೊಸ ಗಂಡನ ಜೊತೆ ಸ್ವೀಡನ್ನಿಗೆ ಹೊರಟುಹೋದಳು. ಅಲ್ಲಿ ಅವನಿಗೆ ಮೊದಲೇ ಮೂರು ಮಕ್ಕಳು, ಎರಡು ಕೋಣೆಯ ಮನೆ. ಬಾ ಎಂದು ಅಮ್ಮ ಕರೆಯಲಿಲ್ಲ, ಬರಲೇ ಎಂದು ಮಗಳೂ ಕೇಳಲಿಲ್ಲ. ವಿರ್ಪಿ ಮುಚ್ಚಿದ ಬ್ಯಾಂಕಿನ ಮಹಡಿಯ ಮೇಲೆ ಒಂದು ಕೋಣೆ ಹಿಡಿದಳು. ಜುಲೈಯಲ್ಲಿ ಗಡಿಯಾರದ ಶಾಲೆಯಿಂದ ಕಾಗದ ಬಂತು. ಹನ್ನೆರಡು ಸೀಟಿಗೆ ಇವಳು ಹದಿನೈದನೆಯವಳು. ಮತ್ತೆ ಮುಂದಿನ ವರ್ಷ ನೋಡುತ್ತೇನೆ ಎಂದುಕೊಂಡು ಜವುಗಿನಲ್ಲಿ ಹಳದಿ ಹಣ್ಣು ಆರಿಸಲು ಹೋದಳು. ಸೊಳ್ಳೆ ಕಚ್ಚಿಸಿಕೊಂಡು ಆರಿಸಿದ ಆ ಹಣ್ಣು ಮಾರಿದ ದುಡ್ಡಿನಲ್ಲಿ ಅಕ್ಟೋಬರ್ ಕೊನೆಯವರೆಗೆ ಬಾಡಿಗೆ ಹೊರಟಿತು. ಶಾಲೆ ಮುಗಿಸಿದವರಿಗೆ ಭತ್ಯೆ ಶುರುವಾಗುವ ಮೊದಲು ಐದು ತಿಂಗಳು ಕಾಯಿಸುತ್ತಾರೆ, ಹಾಗಾಗಿ ನವೆಂಬರಿನಿಂದ ಭತ್ಯೆ ಬರಬೇಕು. ಬಂದರೆ ಕೋಣೆ ಉಳಿಯುತ್ತದೆ. ಬರದಿದ್ದರೆ ಬೀಗದ ಕೈ ವಾಪಸು ಕೊಟ್ಟು ಎಲ್ಲಿಗೆ ಹೋಗುವುದೋ ಅವಳಿಗೂ ಗೊತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಅವಳ ಕಾಗದಪತ್ರ ನನ್ನ ಮೇಜಿಗೆ ಬಂತು. ಒಟ್ಟು ಅರ್ಜಿಯ ನಕಲು ತೆಗೆದು ನೋಡಿದೆ. ಒಂದು ಸಾಲು ತುಂಬಿತ್ತು, ಎರಡು ಖಾಲಿ. ಮಾರ್ಚಿಯ ಆ ಐದು ಎಣಿಕೆ ಆಗ ನೆನಪಾಯಿತು. ತಲೆ ಚಚ್ಚಿಕೊಳ್ಳುವ ಹಾಗಾಯಿತು ನನಗೆ. ಅವಳನ್ನು ಕರೆಸಿ ವಿವರಣೆ ಬರೆಯುವ ಹಾಳೆ ಕೊಟ್ಟೆ. ಕಿಟಕಿಯ ಹತ್ತಿರ ಕೂತು ಮೂರು ಸಾಲು ಬರೆದು ತಂದುಕೊಟ್ಟಳು. "ಬೇರೆ ಎರಡು ಕಡೆ ಹೋಗುವ ಮನಸ್ಸು ಇರಲಿಲ್ಲ. ಆದ್ದರಿಂದ ಖಾಲಿ ಬಿಟ್ಟೆ. ಇದಕ್ಕಿಂತ ಬೇರೆ ಕಾರಣವಿಲ್ಲ."

"ನನ್ನನ್ನ ಕೇಳಿದ್ದೆ ಅಂತ ಯಾಕೆ ಬರೀಲಿಲ್ಲ?"

"ಕೇಳಿದ್ದು ಹೌದು. ನೀವು ಏನೂ ಹೇಳ್ಲಿಲ್ವಲ್ಲ."

"ನಾನು ಸುಮ್ಮನಿದ್ದದ್ದಕ್ಕೆ ತಾನೇ ನೀನು ಬಿಟ್ಟದ್ದು?"

"ಹೌದು."

"ಮತ್ತೆ ಅದನ್ನೇ ಬರಿ!"

"ಹೇಳದ್ದನ್ನ ಹೇಳಿದ್ರು ಅಂತ ಹೇಗೆ ಬರೀಲಿ?" ಎಂದು ಎದ್ದಳು. ಬಾಗಿಲ ಹತ್ತಿರ ನಿಂತು, "ಈಗ ಎಂಟು ನಿಮಿಷ ಹಿಂದಿದೆ," ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಮೇಲಲ್ಲ.

ಇಂಥ ಪ್ರಕರಣಗಳನ್ನು ತೀರ್ಮಾನಿಸುವುದು ನಾನಲ್ಲ, ಊರಿನ ಉದ್ಯೋಗ ಸಮಿತಿ. ತಿಂಗಳಿಗೊಮ್ಮೆ ಪಂಚಾಯತಿ ಕಟ್ಟಡದ ಹಿಂದಿನ ಕೋಣೆಯಲ್ಲಿ ಸೇರುತ್ತದೆ. ಅಧ್ಯಕ್ಷ ಆರ್ವೊ, ಕಬ್ಬಿಣದ ಸಾಮಾನಿನ ಅಂಗಡಿಯವನು. ಮಾಲೀಕರ ಪರವಾಗಿ ತೌನೊ, ಅವನಿಗೆ ಬೇಕಾದಷ್ಟು ಕಾಡಿದೆ. ಕೆಲಸಗಾರರ ಪರವಾಗಿ ಕೈಸು, ಆಸ್ಪತ್ರೆಯ ಅಡುಗೆಮನೆಯವಳು. ನಾನು ಕಾರ್ಯದರ್ಶಿ. ಪ್ರಕರಣ ಓದುವುದು, ನಡೆದದ್ದನ್ನು ಬರೆದುಕೊಳ್ಳುವುದು, ಕಾಫಿ ಮಾಡುವುದು, ಏಲಕ್ಕಿ ಬನ್ನು ತರುವುದು ನನ್ನ ಪಾಲು. ಒಂದೊಂದು ಪ್ರಕರಣ ಓದಿದ ಮೇಲೂ ಆರ್ವೊ "ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?" ಎನ್ನುತ್ತಾನೆ. ಯಾರೂ ಬಾಯಿ ಬಿಡುವುದಿಲ್ಲ. ಮರದ ಸುತ್ತಿಗೆಯಿಂದ ಮೇಜಿನ ಮೇಲೆ ಕುಟ್ಟುತ್ತಾನೆ. ಮುಗಿಯಿತು.

ಅಕ್ಟೋಬರಿನ ಸಭೆಯಲ್ಲಿ ವಿರ್ಪಿಯದು ನಾಲ್ಕನೆಯ ಪ್ರಕರಣ. ಅವಳ ಮೂರು ಸಾಲಿನ ವಿವರಣೆ ಓದಿದೆ.

"ಬೇರೆ ಕಾರಣ ಇಲ್ಲ ಅಂತ ಅವಳೇ ಬರ್ಕೊಟ್ಟಿದ್ದಾಳಲ್ಲಪ್ಪ," ಎಂದ ಆರ್ವೊ. "ಎರಡು ಸಾಲು ಖಾಲಿ, ಭತ್ಯೆ ಇಲ್ಲ. ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?"

ಸುತ್ತಿಗೆ ಎತ್ತಿದ.

"ನಂಗಿದೆ," ಎಂದೆ.

ಕಾರ್ಯದರ್ಶಿಯಾಗಿ ಹತ್ತೊಂಬತ್ತು ವರ್ಷದಲ್ಲಿ ಆ ಹೊತ್ತಿನಲ್ಲಿ ನಾನು ಬಾಯಿ ಬಿಟ್ಟದ್ದು ಅದೇ ಮೊದಲು. ಆರ್ವೊನ ಕೈ ಎತ್ತಿದಲ್ಲೇ ನಿಂತಿತು.

"ಏನು? ಕಾಫಿ ಮುಗೀತಾ?"

"ಕಾಫಿ ಇದೆ. ತಪ್ಪು ಅವಳದಲ್ಲ, ನಂದು. ಖಾಲಿ ಬಿಡಬಹುದಾ ಅಂತ ಮಾರ್ಚಿಯಲ್ಲಿ ನನ್ನನ್ನ ಕೇಳಿದ್ಲು."

"ಬಿಡಬಹುದು ಅಂದ್ಯಾ?" ಎಂದಳು ಕೈಸು.

"ಇಲ್ಲ."

"ಬಿಡಬಾರ್ದು ಅಂದ್ಯಾ?"

"ಅದೂ ಇಲ್ಲ."

"ಮತ್ತೇನಂದೆ ಮಾರಾಯ್ತಿ?"

"ಸುಮ್ಮನಿದ್ದೆ."

ಮೂವರೂ ತಮ್ಮ ತಮ್ಮ ಕಪ್ಪಿನೊಳಗೆ ನೋಡಿದರು. ತೌನೊ ಗಂಟಲು ಸರಿಮಾಡಿಕೊಂಡ. ಅವನು ವರ್ಷಕ್ಕೆ ಎರಡೋ ಮೂರೋ ಸಲ ಮಾತಾಡುವ ಮನುಷ್ಯ.

"ಸುಮ್ಮನಿದ್ರೆ ಹೂಂ ಅಂತ್ಲೇ ತಾನೆ? ನಾನು ಮದುವೆ ಆಗಿದ್ದೇ ಹಾಗೆ. ಸೌನಾ ಸ್ನಾನದ ಮನೆ ಮೆಟ್ಟಿಲ ಮೇಲೆ ಕೂತ್ಕೊಂಡು ಕೇಳ್ದೆ. ಅವಳು ಹುಲ್ಲು ನೋಡ್ತಾ ಇದ್ಲು. ಮೂವತ್ನಾಲ್ಕು ವರ್ಷ ಆಯ್ತು, ಇವತ್ತಿಗೂ ಹೂಂ ಅಂದಿಲ್ಲ."

"ಪಾಪ, ಇನ್ನೂ ಯೋಚನೆ ಮಾಡ್ತಿರಬೇಕು ಅವಳು," ಎಂದಳು ಕೈಸು.

ಆರ್ವೊ ನಗಲಿಲ್ಲ. "ನಮಗೆ ಅರ್ಥವಾಗುತ್ತೆ ಕಣಯ್ಯಾ. ಮೇಲಿನೋರಿಗೆ ಹೇಗೆ ಬರೆಯೋದು? ಅಧಿಕಾರಿ ಸುಮ್ಮನಿದ್ದರು, ಅದು ಸರಿಯಾದ ಕಾರಣ ಅಂತ ಬರೆದ್ರೆ ಹೆಲ್ಸಿಂಕಿಯಲ್ಲಿ ಹೊಟ್ಟೆ ಹಿಡ್ಕೊಂಡು ನಗ್ತಾರೆ."

"ಅಧಿಕಾರಿ ತಪ್ಪು ಮಾಹಿತಿ ಕೊಟ್ಟರು ಅಂತ ಬರೀತೀನಿ. ಅದಕ್ಕೆ ಯಾರೂ ನಗಲ್ಲ."

"ಇನ್ನೆರಡು ವರ್ಷಕ್ಕೆ ನಿಂಗೆ ಪಿಂಚಣಿ. ಈಗ ಯಾಕೆ ಬೇಕು ಹಿಲ್ಕಾ ಇದೆಲ್ಲ? ಹುಡುಗಿ ಎಲ್ಲಾದ್ರೂ ಪಾತ್ರೆ ತೊಳ್ಕೊಂಡು ಬದುಕ್ತಾಳೆ ಬಿಡು."

"ಬರೆಯೋಳು ನಾನು. ನಿನ್ನ ಕೈಯೇನೂ ನೋಯಲ್ಲ. ಕುಟ್ಟು."

ಆರ್ವೊ ನನ್ನನ್ನು ಒಂದು ಸಲ ನೋಡಿದ. "ಭತ್ಯೆ ಇದೆ. ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?" ಎಂದ. ಯಾರೂ ಬಾಯಿ ಬಿಡಲಿಲ್ಲ. ಸುತ್ತಿಗೆ ಬಿತ್ತು.

ನವೆಂಬರಿನಲ್ಲಿ ವಿರ್ಪಿಗೆ ಭತ್ಯೆ ಬಂತು. ಅದೇ ತಿಂಗಳು ನನಗೆ ಪ್ರಾಂತ್ಯದ ಮೇಲಧಿಕಾರಿಯಿಂದ ಕಾಗದ ಬಂತು. ಇನ್ನು ಮುಂದೆ ಅರ್ಜಿದಾರರಿಗೆ ಅವರ ಕರ್ತವ್ಯವನ್ನು ಸ್ಪಷ್ಟವಾಗಿ, ಬಾಯಿಮಾತಿನಲ್ಲಿ ತಿಳಿಸತಕ್ಕದ್ದು ಎಂದಿತ್ತು. ಓದಿ, ಸಹಿ ಹಾಕಿ, ಕಡತಕ್ಕೆ ಸೇರಿಸಿದೆ. ನಾಚಿಕೆಯಾಯಿತು, ಸಮಾಧಾನವೂ ಆಯಿತು. ಯಾವುದು ಹೆಚ್ಚು ಎಂದು ಹೇಳಲಾರೆ.

ಆ ಚಳಿಗಾಲ ಊರಿನ ಗಡಿಯಾರಗಳೆಲ್ಲ ಬ್ಯಾಂಕಿನ ಮಹಡಿ ಹತ್ತಿದವು. ಯಾರ ಮನೆಯಲ್ಲಿ ಯಾವುದು ನಿಂತಿತ್ತೋ ಅದನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಅವಳಿಗೆ ಕೊಡುತ್ತಿದ್ದರು. ಅವಳು ಯಾರ ಹತ್ತಿರವೂ ಕಾಸು ಮುಟ್ಟಲಿಲ್ಲ. ಪ್ರತಿ ತಿಂಗಳೂ ನನಗೆ ಕೊಡುವ ಫಾರಂನಲ್ಲಿ ಮಾತ್ರ, ಈ ತಿಂಗಳ ಆದಾಯ ಎಂಬಲ್ಲಿ, "ಒಂದು ಡಬ್ಬಿ ಉಪ್ಪು ಮೀನು" ಎಂದೋ "ಉಣ್ಣೆಯ ಕಾಲುಚೀಲ, ಒಂದು ಜೊತೆ" ಎಂದೋ ದುಂಡಗೆ ಬರೆದಿರುತ್ತಿದ್ದಳು. ಇಂಥವಳನ್ನು ಕಟ್ಟಿಕೊಂಡು ನಾನೇನು ಮಾಡಲಿ? ಆ ಸಾಲು ಓದಿ ನಕ್ಕು ಪಕ್ಕಕ್ಕಿಡುತ್ತಿದ್ದೆ. ನನ್ನ ಗಂಡ ಸತ್ತ ದಿನ ನಿಂತಿದ್ದ ಅವನ ಕೈಗಡಿಯಾರವನ್ನು ನಾನೂ ಒಯ್ದು ಕೊಟ್ಟೆ. ಮೂರನೆಯ ದಿನ ಓಡುತ್ತಿತ್ತು.

ಮತ್ತೆ ಮಾರ್ಚಿ ಬಂತು. ವಿರ್ಪಿ ಹೊಸ ಅರ್ಜಿ ಹಿಡಿದುಕೊಂಡು ಅದೇ ಕುರ್ಚಿಯಲ್ಲಿ ಕೂತಳು. ಮೊದಲ ಸಾಲಿನಲ್ಲಿ ಗಡಿಯಾರದ ಶಾಲೆ. ಕೆಳಗಿನ ಎರಡು ಸಾಲು ಖಾಲಿ.

"ಈ ಸಲ ಏನ್ಮಾಡ್ಲಿ?" ಎಂದಳು.

"ಕಾನೂನು ಗೊತ್ತಲ್ಲ ನಿಂಗೆ. ಮೂರು."

"ಬರೆದ್ರೆ ಸೀಟು ಸಿಕ್ಬಿಡುತ್ತೆ."

"ಸಿಕ್ಕಿದ್ರೆ ಹೋಗ್ಬೇಕು."

"ಹೋಗೋ ಮನಸ್ಸಿಲ್ಲ ಅಂತ ಗೊತ್ತಿದ್ದೂ ಬರೀಬೇಕಾ?"

ನಾನು ಬಾಗಿಲ ಕಡೆ ನೋಡಿದೆ. ಸಾಲಿನಲ್ಲಿ ಆವತ್ತು ನಾಲ್ಕೇ ಜನ. ಎರಡನೇ ಸಲ ಖಾಲಿ ಬಿಟ್ಟರೆ ಸಮಿತಿಯ ಮುಂದೆ ಹೇಳಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಭತ್ಯೆ ಹೋಗುತ್ತದೆ, ಕೋಣೆ ಹೋಗುತ್ತದೆ, ಮತ್ತೆ ಭತ್ಯೆ ಬೇಕೆಂದರೆ ಮೊದಲು ಐದು ತಿಂಗಳು ದುಡಿದು ತೋರಿಸಬೇಕು, ದುಡಿಯಲು ಈ ಊರಲ್ಲಿ ಕೆಲಸವಾದರೂ ಎಲ್ಲಿದೆ? ಇಷ್ಟೆಲ್ಲ ತಲೆಯಲ್ಲಿ ಓಡಿತು. ನಾಲಿಗೆಗೆ ಮಾತ್ರ ಬರಲಿಲ್ಲ.

"ಈ ಸಲ ಸುಮ್ಮನಿರಬೇಡಿ," ಎಂದಳು ವಿರ್ಪಿ. "ಬಾಯಿಬಿಟ್ಟು ಹೇಳಿ. ನೀವು ಹೇಳಿದ ಹಾಗೆ ಮಾಡ್ತೀನಿ."

"ಬರಿ," ಎಂದೆ.

"ಗೊತ್ತಿದ್ದೂ?"

"ಹೌದು. ಗೊತ್ತಿದ್ದೂ ಬರಿ."

ಅವಳು ಪೆನ್ನು ಕೇಳಿದಳು. ಕೊಟ್ಟೆ. ಎರಡನೇ ಸಾಲಿಗೆ ಏನು ಹಾಕಲಿ ಎಂದಳು. ನಾನೇ ಪುಸ್ತಕ ತಿರುವಿ, ಕುವೊಪಿಯೊ ಪಟ್ಟಣದಲ್ಲಿ ದೊಡ್ಡಡುಗೆ, ಅಂದರೆ ನೂರಾರು ಜನರಿಗೆ ಬೇಯಿಸುವುದನ್ನು, ಕಲಿಸುವ ಶಾಲೆಯ ಸಂಖ್ಯೆ ಓದಿದೆ. ಮೂರನೆಯದಕ್ಕೆ ಬೇಕರಿ. ಆಸ್ಪತ್ರೆ, ಶಾಲೆಗಳಲ್ಲಿ ಅಡುಗೆಯವರು ಯಾವಾಗಲೂ ಬೇಕಾಗುತ್ತಾರೆ, ಒಳ್ಳೆಯ ಕೆಲಸ ಎಂದೂ ಸೇರಿಸಿದೆ. ಅವಳು ತಲೆಯಾಡಿಸಲಿಲ್ಲ. ಯಾವತ್ತಿನ ಹಾಗೆ ದುಂಡಗೆ ಬರೆದು, ಪೆನ್ನು ಮುಚ್ಚಿ ನನ್ನ ಕಡೆ ಸರಿಸಿದಳು.

ಜುಲೈಯಲ್ಲಿ ಕಾಗದ ಬಂತು. ಗಡಿಯಾರದ ಶಾಲೆಯಲ್ಲಿ ಹನ್ನೆರಡು ಸೀಟು, ಅವಳು ಹದಿಮೂರನೆಯವಳು. ದೊಡ್ಡಡುಗೆಯ ಶಾಲೆಯಲ್ಲಿ ಮೊದಲ ಹೆಸರೇ ಅವಳದು. ಮೂರು ವರ್ಷದ ಓದು. ಹೋಗದಿದ್ದರೆ ಭತ್ಯೆ ನಿಲ್ಲುತ್ತದೆ. ಹದಿನೈದರಿಂದ ಹದಿಮೂರಕ್ಕೆ ಬಂದವಳು ಇನ್ನೊಂದು ವರ್ಷ ಬಿಟ್ಟಿದ್ದರೆ ಎಲ್ಲಿಗೆ ಬರುತ್ತಿದ್ದಳು ಎಂದು ಹೇಳಲು ಲೆಕ್ಕದ ಮೇಷ್ಟ್ರೇನೂ ಬೇಕಿಲ್ಲ.

ಆಗಸ್ಟ್ ಎರಡನೆಯ ವಾರ, ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇರುವಾಗ, ಅವಳು ಚೀಲ ಹೊತ್ತುಕೊಂಡೇ ಕಚೇರಿಗೆ ಬಂದಳು. ಕೋಣೆಯ ಬೀಗದ ಕೈಯನ್ನು ಮಾಲೀಕರಿಗೆ ಕೊಟ್ಟಾಗಿತ್ತು. "ಇದನ್ನ ಸರಿಮಾಡಿ ಹೋಗ್ತೀನಿ," ಎಂದಳು. ಕುರ್ಚಿ ಹತ್ತಿ ಗೋಡೆಯ ಗಡಿಯಾರ ಇಳಿಸಿ ನನ್ನ ಮೇಜಿನ ಮೇಲೆ ಬೋರಲು ಹಾಕಿ ಬಿಚ್ಚಿದಳು. ನಾನು ಫಾರಂಗಳನ್ನೆಲ್ಲ ಬದಿಗೆ ತಳ್ಳಿದೆ. ಅವಳ ಬೆರಳುಗಳು ಆತುರಪಡಲಿಲ್ಲ. ಆ ಕೈ ಇನ್ನು ಸೌಟು ಹಿಡಿಯಬೇಕಲ್ಲ ಎಂದುಕೊಂಡೆ. ಅದನ್ನು ಬಾಯಿಬಿಟ್ಟು ಹೇಳುವುದು ನಮ್ಮ ಕಡೆಯವರಿಗೆ ಬರುವುದಿಲ್ಲ. ಆದರೂ ಒಂದು ಮಾತು ಕೇಳದೆ ಇರಲು ಆಗಲಿಲ್ಲ.

"ವಿರ್ಪಿ, ಆವತ್ತು ನಾನು ಬರಿ ಅಂದೆನಲ್ಲ. ನನ್ನ ಮೇಲೆ ಕೋಪ ಇದ್ಯಾ ನಿಂಗೆ?"

ಅವಳ ಕೈ ನಿಲ್ಲಲಿಲ್ಲ. ಸಣ್ಣ ತಿರುಪನ್ನು ಬಿಗಿ ಮಾಡಿದಳು, ಹಿಂದಿನ ತಗಡು ಮುಚ್ಚಿದಳು, ಮುಳ್ಳು ತಿರುಗಿಸಿ ತನ್ನ ಕೈಗಡಿಯಾರಕ್ಕೆ ಹೊಂದಿಸಿದಳು. ನಾನು ಐದು ಎಣಿಸಿದೆ. ಮತ್ತೂ ಐದು ಎಣಿಸಿದೆ.

ಅವಳು ಕುರ್ಚಿ ಹತ್ತಿ ಗಡಿಯಾರವನ್ನು ಅದರ ಮೊಳೆಗೆ ತೂಗುಹಾಕಿದಳು. ಚೀಲ ಹೆಗಲಿಗೇರಿಸಿದಳು. ಬಸ್ಸು ಸಮಯಕ್ಕೆ ಸರಿಯಾಗಿ ಬಂತು.